ಹನ್ನೊಂದು ಜುಮಾಗಳ ನಂತರ ಮಸೀದಿಯ ಬಾಗಿಲು



ಈ ಪುಟದಲ್ಲಿ ಪ್ರತಿ ತಿಂಗಳು ಜುಮಾ ಖುತ್ಬಾಗಳ ಸಾರಾಂಶ ಬರುತ್ತದೆ. ಈ ಸಲ ಸಾರಾಂಶ ಬರೆಯೋಣವೆಂದರೆ ಖುತ್ಬಾಗಳೇ ಇಲ್ಲ. 2020ರ ಮಾರ್ಚ್ 20ರ ಶುಕ್ರವಾರದ ನಂತರ ನಮ್ಮ ಮಸೀದಿಯ ಮಿಂಬರನ್ನು ಯಾರೂ ಹತ್ತಿರಲಿಲ್ಲ. ಮಾರ್ಚ್ 27ರಿಂದ ಜೂನ್ 5ರವರೆಗೆ ಎಣಿಸಿದರೆ ಹನ್ನೊಂದು ಶುಕ್ರವಾರಗಳು ಹೀಗೆಯೇ ಹೋದವು, ಅದರಲ್ಲಿ ಐದು ರಮಝಾನಿನವು. ಇನ್ನು 2020ರ ಜೂನ್ 8ರ ಸೋಮವಾರದಿಂದ ಪ್ರಾರ್ಥನಾ ಸ್ಥಳಗಳನ್ನು ತೆರೆಯಬಹುದು ಎಂದು ಸರಕಾರ ಹೇಳಿತ್ತು. ಮಿಂಬರಿನ ಮೇಲೆ ನಿಂತು ಹೇಳಬೇಕಾಗಿದ್ದ ಮಾತನ್ನು ಆದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ. ಬಾಗಿಲು ಯಾಕೆ ಮುಚ್ಚಿತು, ತೆರೆಯುವಾಗ ಹೇಗೆ ಬರಬೇಕು, ಯಾರು ಬರಬಾರದು. ಕೊನೆಯದೇ ಕಷ್ಟದ ಮಾತು.

ನಾರ್ವೆ ಎಂದರೆ ಕೊಪ್ಪ ತಾಲೂಕಿನ ಹಳ್ಳಿ. (ಊರಿನ ಹೆಸರು ಕೇಳಿದ ದೂರದೂರಿನ ಸ್ನೇಹಿತರು, ಉಸ್ತಾದರು ಯಾವಾಗ ಯುರೋಪಿಗೆ ಹೋದರು ಎಂದು ತಮಾಷೆ ಮಾಡುವುದುಂಟು.) ನಮ್ಮ ಕಡೆ ಮನೆಗಳು ಪೇಟೆಯಂತೆ ಗೋಡೆಗೆ ಗೋಡೆ ಸೇರಿಕೊಂಡಿಲ್ಲ. ತೋಟದ ಲೈನಿನಲ್ಲಿ ನಾಲ್ಕು ಮನೆ, ಗುಡ್ಡದ ಬುಡದಲ್ಲಿ ಎರಡು, ರಸ್ತೆ ಬದಿಯಲ್ಲಿ ಅಂಗಡಿಯ ಹಿಂದೆ ಒಂದು. ಹೀಗೆ ಚದುರಿದವರು ದಿನಕ್ಕೊಮ್ಮೆಯಾದರೂ ಒಬ್ಬರ ಮುಖ ಒಬ್ಬರು ನೋಡುವ ಜಾಗವೆಂದರೆ ಮಸೀದಿ. ಕಾಫಿ, ಅಡಿಕೆಯ ಕೂಲಿಯ ಸುದ್ದಿ, ಯಾರ ಮಗಳಿಗೆ ಸಂಬಂಧ ಬಂತು, ಯಾರ ಮಗ ದುಬೈಯಿಂದ ಹಣ ಕಳಿಸಲಿಲ್ಲ, ಎಲ್ಲವೂ ನಮಾಝ್ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುವ ಜಾಗದಲ್ಲಿಯೇ ಗೊತ್ತಾಗುತ್ತಿತ್ತು. ಅದು ನಿಂತುಹೋಯಿತು. ಇಮಾಮ್, ಮುಅಝ್ಝಿನ್ ಮತ್ತು ಕೆಲಸದವರು ಸೇರಿ ನಾಲ್ವರು ಮಾತ್ರ ಒಳಗೆ. ಶುಕ್ರವಾರವೂ ನಾವು ನಾಲ್ವರು ಲುಹರ್ ನಿರ್ವಹಿಸಿ ಬಾಗಿಲು ಹಾಕಿಕೊಂಡೆವು. ರಮಝಾನಿಗೆ ಮುಂಚೆ ಬಂದ ಸೂಚನೆಯಂತೆ ಧ್ವನಿವರ್ಧಕವನ್ನೂ ತಗ್ಗಿಸಿದೆವು. ತರಾವೀಹ್ ಇಲ್ಲ, ಸಾಮೂಹಿಕ ಇಫ್ತಾರ್ ಇಲ್ಲ. ಅಸರ್ ಹೊತ್ತಿಗೆ ಪಾತ್ರೆ ಹಿಡಿದುಕೊಂಡು ಮಕ್ಕಳು ಸಾಲು ನಿಲ್ಲುತ್ತಿದ್ದ ಗಂಜಿಯ ದೊಡ್ಡ ಹಂಡೆ ಈ ವರ್ಷ ಅಟ್ಟದಿಂದ ಇಳಿಯಲೇ ಇಲ್ಲ.

ಈಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮಾರ್ಚ್ 20ರ ಖುತ್ಬಾದಲ್ಲಿ ನಾನು ತವಕ್ಕುಲ್ ಬಗ್ಗೆ ಮಾತನಾಡಿದ್ದೆ. ಅಲ್ಲಾಹನ ಮೇಲೆ ಭರವಸೆ ಇಡಿ, ಹೆದರಬೇಡಿ ಎಂದಿದ್ದೆ. ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧವಾಗಿತ್ತು. ಒಂಟೆಯನ್ನು ಕಟ್ಟಿಹಾಕಿ ನಂತರ ಭರವಸೆ ಇಡಬೇಕು ಎಂದು ಪ್ರವಾದಿವರ್ಯರು(ಸ) ಕಲಿಸಿದ ಇನ್ನರ್ಧವನ್ನು ಅಂದು ನಾನು ಹೇಳಲಿಲ್ಲ. ಮರುದಿನವೇ ಒಬ್ಬ ಯುವಕ, “ಉಸ್ತಾದರೇ ಹೇಳಿದ್ದಾರೆ, ಹೆದರುವುದು ಈಮಾನಿನ ಕೊರತೆ” ಎಂದು ಮೊಬೈಲಿನಲ್ಲಿ ಹಂಚಿದ. ನಾನು ಹಾಗೆ ಹೇಳಿರಲಿಲ್ಲ. ಆದರೆ ಹಾಗೆ ಕೇಳಿಸುವಂತೆ ಹೇಳಿದ್ದೆ.

ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವೇನಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ನಾವು ಪ್ರತಿ ಬೇಸಿಗೆಯಲ್ಲಿ ಕಾಣುತ್ತಿದ್ದೇವೆ. ಕಾಡಿಗೆ, ತೋಟಕ್ಕೆ ಹೋಗುವ ಮುನ್ನ ಉಣ್ಣಿ ಕಚ್ಚದಂತೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುತ್ತಾರೆ. ಸತ್ತ ಮಂಗ ಕಂಡರೆ ಹತ್ತಿರ ಹೋಗುವುದಿಲ್ಲ, ಆಸ್ಪತ್ರೆಗೆ ತಿಳಿಸುತ್ತೇವೆ. ಎಣ್ಣೆ ಹಚ್ಚಿಕೊಂಡವನಿಗೆ ಅಲ್ಲಾಹನ ಮೇಲೆ ಭರವಸೆ ಕಡಿಮೆ ಎಂದು ಇಲ್ಲಿಯವರೆಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಉಣ್ಣಿಯ ವಿಷಯದಲ್ಲಿ ಇರುವ ಬುದ್ಧಿ ಉಸಿರಿನ ವಿಷಯದಲ್ಲಿ ಯಾಕೆ ಇರಬಾರದು?

ಮಳೆಯ ದಿನದ ಅಝಾನ್

“ಮಸೀದಿಗೆ ಬರಬೇಡಿ ಎಂದು ಮಸೀದಿಯಿಂದಲೇ ಹೇಳುವುದು ಎಲ್ಲಾದರೂ ಉಂಟೇ?” ಎಂದು ಮೊದಲ ವಾರ ಹಲವರು ಕೇಳಿದರು. ಉಂಟು. ಪ್ರವಾದಿವರ್ಯರ(ಸ) ಕಾಲದಲ್ಲಿಯೇ ಉಂಟು. ಮಳೆ ಬಂದು ನೆಲ ಕೆಸರಾಗಿದ್ದ ಒಂದು ಶುಕ್ರವಾರ ಇಬ್ನು ಅಬ್ಬಾಸ್(ರ) ಮುಅಝ್ಝಿನನಿಗೆ, ನಮಾಝಿಗೆ ಬನ್ನಿ ಎಂದು ಕರೆಯುವ ಜಾಗದಲ್ಲಿ ಮನೆಗಳಲ್ಲಿಯೇ ನಮಾಝ್ ಮಾಡಿ ಎಂದು ಕೂಗಲು ಹೇಳಿದರು. ಜನರು ಹುಬ್ಬೇರಿಸಿದಾಗ, ತನಗಿಂತ ಉತ್ತಮರಾದವರು, ಅಂದರೆ ಪ್ರವಾದಿವರ್ಯರು(ಸ), ಹೀಗೆಯೇ ಮಾಡಿದ್ದರು ಎಂದು ತಿಳಿಸಿದರು. ಜುಮಾ ಕಡ್ಡಾಯವೇ ಆದರೂ ನಿಮ್ಮನ್ನು ಕೆಸರಿನಲ್ಲಿ ಕಾಲೆಳೆಯುತ್ತಾ ಬರುವಂತೆ ಮಾಡಲು ತನಗೆ ಇಷ್ಟವಾಗಲಿಲ್ಲ ಎಂದೂ ಹೇಳಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಘಟನೆ ಇದು.

ಆಷಾಢದ ನಮ್ಮ ಮಳೆಯಲ್ಲಿ, ಉಂಬಳ ಹತ್ತಿದ ಕಾಲಿನಲ್ಲಿ ಮಸೀದಿಗೆ ಬರುವ ನಮ್ಮವರು ಇದನ್ನು ಕೇಳಿ ನಗಬಹುದು. ಅಷ್ಟು ಕೆಸರು ನಮಗೆ ಲೆಕ್ಕವೇ ಅಲ್ಲ! ಆದರೆ ಶರೀಅತ್ ಎಷ್ಟು ಸಣ್ಣ ತೊಂದರೆಗೂ ರಿಯಾಯಿತಿ ಕೊಟ್ಟಿದೆ ನೋಡಿ. ಬಟ್ಟೆಗೆ ಕೆಸರು ತಾಗುವುದಕ್ಕೇ ವಿನಾಯಿತಿ ಇದ್ದರೆ, ಪಕ್ಕದವನ ಎದೆಗೆ ರೋಗ ತಾಗುವ ಭಯಕ್ಕೆ ಇರಲಾರದೇ? ಈ ವಿನಾಯಿತಿಗೆ ರುಖ್ಸತ್ ಎನ್ನುತ್ತಾರೆ. ರುಖ್ಸತ್ ಎಂದರೆ ಸೋಮಾರಿಗೆ ಕೊಟ್ಟ ರಜೆಯಲ್ಲ. ಅದೂ ಅಲ್ಲಾಹನೇ ಕೊಟ್ಟದ್ದು, ಅವನು ಕೊಟ್ಟದ್ದನ್ನು ತೆಗೆದುಕೊಳ್ಳುವುದು ಅವನಿಗೆ ಪ್ರಿಯವಾದದ್ದು.

ಸಾಂಕ್ರಾಮಿಕದ ವಿಷಯದಲ್ಲಂತೂ ಸ್ವಹಾಬಿಗಳ ಮಾದರಿಯೇ ಕಣ್ಣ ಮುಂದಿದೆ. ಖಲೀಫಾ ಉಮರ್(ರ) ಶಾಮಿಗೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ಪ್ಲೇಗ್ ಇದೆ ಎಂಬ ಸುದ್ದಿ ಬಂತು. ಮುಹಾಜಿರರನ್ನು ಕೇಳಿದರು, ಅನ್ಸಾರರನ್ನು ಕೇಳಿದರು, ಅಭಿಪ್ರಾಯ ಎರಡಾಯಿತು. ಖುರೈಶರ ಹಿರಿಯರು ಮಾತ್ರ ಒಂದೇ ದನಿಯಲ್ಲಿ ಹಿಂದಿರುಗಿ ಎಂದರು. ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂದು ಉಮರ್(ರ) ಉತ್ತರಿಸಿದರು. ಒಂದು ಮಗ್ಗುಲು ಹಸಿರು, ಇನ್ನೊಂದು ಮಗ್ಗುಲು ಒಣಗಿದ ಕಣಿವೆಯಲ್ಲಿ ಒಂಟೆ ಮೇಯಿಸುವವನ ಉದಾಹರಣೆಯನ್ನೂ ಕೊಟ್ಟರು. ಎಲ್ಲಿ ಮೇಯಿಸಿದರೂ ಅಲ್ಲಾಹನ ವಿಧಿಯೇ ತಾನೇ? ಅಷ್ಟರಲ್ಲಿ ಅಬ್ದುರ್ರಹ್ಮಾನ್ ಇಬ್ನು ಔಫ್(ರ) ಬಂದು, ರೋಗವಿರುವ ಊರಿಗೆ ಹೋಗಬಾರದು, ನೀವಿರುವ ಊರಿಗೇ ಅದು ಬಂದರೆ ಅಲ್ಲಿಂದ ಓಡಬಾರದು ಎಂದು ಪ್ರವಾದಿವರ್ಯರಿಂದ(ಸ) ತಾನೇ ಕೇಳಿದ್ದಾಗಿ ಹೇಳಿದರು. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಹಿಂದಿರುಗಿದರು. ಅಮ್‌ವಾಸ್ ಪ್ಲೇಗ್ ಎಂದು ಹೆಸರಾದ ಆ ರೋಗದಲ್ಲಿ ಅಬೂ ಉಬೈದಾ(ರ) ತೀರಿಕೊಂಡರು, ನಂತರ ಮುಆದ್ ಇಬ್ನು ಜಬಲ್(ರ) ಕೂಡಾ. ಆ ಮೇಲೆ ಹೊಣೆ ಹೊತ್ತ ಅಮ್ರ್ ಇಬ್ನುಲ್ ಆಸ್(ರ) ಜನರನ್ನು ಗುಡ್ಡಗಳಿಗೆ ಚದುರಿಸಿದರು. ನಮ್ಮನ್ನು ಅಲ್ಲಾಹನು ಮೊದಲೇ ಗುಡ್ಡಗಳಲ್ಲಿ ಚದುರಿಸಿ ಇಟ್ಟಿದ್ದಾನೆ! ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಗದ್ದೆ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ ಎಂದು ನಮ್ಮ ಅಜ್ಜಂದಿರೂ ಹೇಳುತ್ತಿದ್ದರು.

ಇನ್ನೊಂದು ಘಟನೆಯನ್ನು ಹೇಳಲೇಬೇಕು. ಬುಖಾರಿಯ ಮಹಾ ವ್ಯಾಖ್ಯಾನ ಬರೆದ ಇಬ್ನು ಹಜರ್ ಅಸ್ಖಲಾನಿಯವರು ಪ್ಲೇಗಿನ ಬಗ್ಗೆಯೇ ಒಂದು ಗ್ರಂಥ ಬರೆದಿದ್ದಾರೆ. ಸ್ವಂತ ಹೆಣ್ಣುಮಕ್ಕಳನ್ನು ಅದೇ ರೋಗದಲ್ಲಿ ಕಳೆದುಕೊಂಡವರು ಅವರು. ಹಿಜರಿ 833ರಲ್ಲಿ, ಅಂದರೆ 1430ರ ಸುಮಾರಿಗೆ, ಕೈರೋದಲ್ಲಿ ಪ್ಲೇಗ್ ಬಂದಾಗ ದಿನಕ್ಕೆ ಸಾಯುತ್ತಿದ್ದವರು ನಲವತ್ತಕ್ಕಿಂತ ಕಡಿಮೆ. ಜನರು ಮೂರು ದಿನ ಉಪವಾಸವಿದ್ದು, ಮಳೆಗಾಗಿ ಪ್ರಾರ್ಥಿಸಲು ಹೋಗುವಂತೆ ಮರುಭೂಮಿಯಲ್ಲಿ ಒಟ್ಟು ಸೇರಿ ದುಆ ಮಾಡಿ ಮರಳಿದರು. ತಿಂಗಳು ಮುಗಿಯುವ ಮುನ್ನ ದಿನದ ಸಾವು ಸಾವಿರ ದಾಟಿತು ಎಂದು ಅವರು ದಾಖಲಿಸಿದ್ದಾರೆ. ದುಆ ಮಾಡಿದ್ದು ತಪ್ಪಾಗಿತ್ತೇ? ಖಂಡಿತ ಅಲ್ಲ. ಗುಂಪಿನ ದುಆಕ್ಕಿಂತ ಆ ಹೊತ್ತಿಗೆ ಮನೆಯೊಳಗಿನ ದುಆ ಮೇಲಾಗಿತ್ತು ಅಷ್ಟೇ.

ಫೋನಿನಲ್ಲಿ ಬಂದ ಪ್ರಶ್ನೆಗಳು

ಮನೆಯಲ್ಲಿಯೇ ಜುಮಾ ಮಾಡಬಹುದೇ ಎಂಬುದು ಹೆಚ್ಚು ಬಂದ ಪ್ರಶ್ನೆ. ಶಾಫಿಈ ಮದ್‌ಹಬ್‌ನಲ್ಲಿ ಊರಿನಲ್ಲಿ ನೆಲೆಸಿರುವ ಪ್ರಾಯಪೂರ್ತಿಯಾದ ನಲವತ್ತು ಪುರುಷರು ಬೇಕು. ಹನಫಿಯಲ್ಲಿ ಇಮಾಮರಲ್ಲದೆ ಮೂವರು ಸಾಕಾದರೂ ಎಲ್ಲರಿಗೂ ಪ್ರವೇಶ ಮುಕ್ತವಾಗಿರಬೇಕು ಎಂಬ ಶರತ್ತಿದೆ. ಆದ್ದರಿಂದ ಮನೆಯಲ್ಲಿ ಲುಹರ್ ನಿರ್ವಹಿಸಿ ಎಂದೆ. ಮೊಬೈಲಿನಲ್ಲಿ ನನ್ನ ದನಿ ಕೇಳಿಸಿಕೊಂಡು ನನ್ನ ಹಿಂದೆ ನಮಾಝ್ ಮಾಡಬಹುದೇ ಎಂದು ಒಬ್ಬರು ಕೇಳಿದರು. ಆಗುವುದಿಲ್ಲ. ಇಮಾಮ್ ಮತ್ತು ಹಿಂದೆ ನಿಂತವರು ಒಂದೇ ಕಡೆ ಸೇರಿರಬೇಕು. ಅದೂ ಅಲ್ಲದೆ ನಮ್ಮ ಗುಡ್ಡದ ನೆಟ್‌ವರ್ಕ್ ನಂಬಿ ಸುಜೂದಿಗೆ ಹೋದವರು ಏಳುವುದು ಯಾವಾಗ?

ಈದಿನ ವಿಷಯ ಸ್ವಲ್ಪ ಬೇರೆ. ಕರಾವಳಿಯ ಚಂದ್ರದರ್ಶನವನ್ನು ಅನುಸರಿಸುವವರು ಮೇ 24ರಂದು, ಉಳಿದವರು 25ರಂದು ಹಬ್ಬ ಮಾಡಿದರು. ಶಾಫಿಈ ಪ್ರಕಾರ ಈದ್ ನಮಾಝನ್ನು ಮನೆಯಲ್ಲಿ ಒಬ್ಬರೇ ಕೂಡಾ ಮಾಡಬಹುದು, ಒಬ್ಬರೇ ಮಾಡುವಾಗ ಖುತ್ಬಾ ಬೇಡ. ಹನಫಿ ಮನೆಗಳವರಿಗೆ ಅವರ ಉಲಮಾಗಳು ಚಾಶ್ತ್ ನಫಿಲ್ ನಿರ್ವಹಿಸಲು ಹೇಳಿದರು. ಒಂದೇ ಓಣಿಯಲ್ಲಿ ಎರಡೂ ನಡೆಯಿತು, ಯಾರ ಹಬ್ಬವೂ ಕಡಿಮೆಯಾಗಲಿಲ್ಲ.

ಬಾಗಿಲು ತೆರೆದ ಮೇಲೆ

ಈಗ ಸೋಮವಾರದ ವಿಷಯ. ಕೇಂದ್ರ ಆರೋಗ್ಯ ಇಲಾಖೆ ಜೂನ್ 4ರಂದು ಹೊರಡಿಸಿದ ನಿಯಮಗಳನ್ನು ಕಮಿಟಿಯವರು ಓದಿ ಮುಗಿಸಿದ್ದಾರೆ. ಕಂಟೈನ್‌ಮೆಂಟ್ ವಲಯದಲ್ಲಿ ತೆರೆಯುವಂತಿರಲಿಲ್ಲ. ನಮ್ಮ ಜಿಲ್ಲೆ ಮೇ ಮಧ್ಯದವರೆಗೂ ಹಸಿರು ವಲಯವಾಗಿತ್ತು ಎಂಬ ಹೆಮ್ಮೆಯಲ್ಲಿ ಯಾರೂ ಇರಬೇಡಿ. ಹೊರಗಿನಿಂದ ಮಕ್ಕಳು ಊರಿಗೆ ಮರಳುತ್ತಿದ್ದಾರೆ. ದುಬೈಯಿಂದ ಮಂಗಳೂರಿಗೆ ಮೇ 12ರಂದು ಮೊದಲ ವಿಮಾನ ಬಂದಾಗಿನಿಂದ ಗಲ್ಫ್‌ನವರೂ ಬರುತ್ತಿದ್ದಾರೆ, ಮುಂಬೈಯವರೂ ಬರುತ್ತಿದ್ದಾರೆ. ಬರಲಿ, ಇದು ಅವರದೇ ಊರು. ಕ್ವಾರಂಟೈನ್ ದಿನಗಳು ಮುಗಿಯುವವರೆಗೆ ಅವರು ಮಸೀದಿಗೆ ಬರಬಾರದು, ನಾವು ಅವರ ಮನೆಯವರನ್ನು ಅಪರಾಧಿಗಳಂತೆ ನೋಡಬಾರದು. ಏಪ್ರಿಲಿನಲ್ಲಿ ಒಂದು ಸಮುದಾಯದ ಹೆಸರಿಗೇ ರೋಗವನ್ನು ಅಂಟಿಸಲು ಹೊರಟವರ ಮಾತು ನಮಗೆಷ್ಟು ನೋವು ಕೊಟ್ಟಿತು ಎಂದು ನೆನಪಿದೆಯಲ್ಲ? ಹಾಗೆ ಮಾತನಾಡುವವರ ಮೇಲೆ ಕ್ರಮ ಕೈಗೊಳ್ಳುವುದಾಗಿ ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರೇ ಎಚ್ಚರಿಸಬೇಕಾಯಿತು. ಅದೇ ನೋವನ್ನು ನಾವು ಮುಂಬೈಯಿಂದ ಬಂದ ಹೋಟೆಲ್ ಹುಡುಗನಿಗೆ ಕೊಡುವುದು ಬೇಡ.

ವುಝೂ ಮನೆಯಲ್ಲಿಯೇ ಮಾಡಿ ಬನ್ನಿ. ಹೌಝ್ ಖಾಲಿ ಮಾಡಿ ತೊಳೆದಿಟ್ಟಿದ್ದೇವೆ, ಸದ್ಯಕ್ಕೆ ತುಂಬಿಸುವುದಿಲ್ಲ. ದಾರಿಯ ಕೆಸರು ತೊಳೆಯಲು ಹೊರಗೆ ಒಂದು ನಲ್ಲಿ, ಸಾಬೂನು ಇರುತ್ತದೆ. ಸ್ಯಾನಿಟೈಸರಿನಲ್ಲಿ ಆಲ್ಕೋಹಾಲ್ ಇದೆಯಲ್ಲ, ಅದು ನಜಸ್ ಅಲ್ಲವೇ ಎಂದು ಕೇಳಿದವರಿಗೆ, ಅಗತ್ಯದ ಕಾರಣಕ್ಕೆ ಬಳಸಬಹುದು ಎಂದು ಉಲಮಾಗಳು ಹೇಳಿದ್ದಾರೆ ಎಂದು ತಿಳಿಸಿದ್ದೇನೆ. ಮನಸ್ಸಿಗೆ ಸಮಾಧಾನವಾಗದವರಿಗೆ ಸಾಬೂನು ಇದ್ದೇ ಇದೆ. ಕಾರ್ಪೆಟ್ ಸುತ್ತಿ ಮೇಲೆ ಇಟ್ಟಿದ್ದೇವೆ. ನಿಮ್ಮ ಮುಸಲ್ಲಾ ನೀವೇ ತನ್ನಿ, ಮಳೆಯಲ್ಲಿ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ತನ್ನಿ, ಮರಳಿ ಒಯ್ಯಿರಿ. ಕುರ್‌ಆನ್ ಓದುವವರು ಸ್ವಂತ ಪ್ರತಿ ತರಲಿ. ಹಸ್ತಲಾಘವ ಬೇಡ, ಸಲಾಮ್ ಬಾಯಿಯಲ್ಲಿ ಸಾಕು. ರಾತ್ರಿ 9ರಿಂದ ಬೆಳಗ್ಗೆ 5ರವರೆಗೆ ಕರ್ಫ್ಯೂ ಇದ್ದುದರಿಂದ ಸುಬಹ್ ಜಮಾಅತ್ 5.20ಕ್ಕೆ. ಅದಕ್ಕಿಂತ ಮೊದಲು ಮನೆಯಿಂದ ಹೊರಟು ದಾರಿಯಲ್ಲಿ ಪೊಲೀಸರಿಗೆ ಫಿಕ್‌ಹ್ ಹೇಳುತ್ತಾ ನಿಲ್ಲಬೇಡಿ.

ಸಫ್‌ನಲ್ಲಿ ಆರು ಅಡಿ ಅಂತರ. ಇದು ಹಲವರಿಗೆ ನುಂಗಲಾಗದ ತುತ್ತು. ಭುಜಕ್ಕೆ ಭುಜ ತಾಗಿಸಿ ನಿಲ್ಲಿ, ನಡುವೆ ಸಂದು ಬಿಡಬೇಡಿ ಎಂದು ಇಷ್ಟು ವರ್ಷ ಹೇಳಿದ ಇಮಾಮರೇ ಈಗ ನೆಲದ ಮೇಲೆ ಸುಣ್ಣದ ಗುರುತು ಹಾಕಿ ದೂರ ನಿಲ್ಲಿ ಎನ್ನುತ್ತಿದ್ದಾರೆ. ಸಫ್ ಸೇರಿಸಿ ನಿಲ್ಲುವುದು ಸುನ್ನತ್. ಸಕಾರಣವಾಗಿ ಅಂತರ ಬಿಟ್ಟರೆ ನಮಾಝ್ ಅಸಿಂಧುವಾಗುವುದಿಲ್ಲ. ಅದೇ ರೀತಿ ನಮಾಝಿನಲ್ಲಿ ಬಾಯಿ ಮುಚ್ಚಿಕೊಳ್ಳುವುದು ಸಾಮಾನ್ಯ ದಿನಗಳಲ್ಲಿ ಕರಾಹತ್. ಅಗತ್ಯವಿರುವಾಗ ಆ ಕರಾಹತ್ ಇಲ್ಲ. ಮಾಸ್ಕ್ ಇರಲಿ, ಆದರೆ ಹಣೆಗೆ ಜಾರದಂತೆ ನೋಡಿಕೊಳ್ಳಿ. ಸುಜೂದಿನಲ್ಲಿ ಹಣೆ ಮರೆಯಿಲ್ಲದೆ ತಾಗಬೇಕು, ಟೋಪಿಯೂ ಅಷ್ಟೇ. ಆರು ಅಡಿ ಬಿಟ್ಟರೆ ಒಳಗೆ ಹಿಡಿಸುವವರು ಕಡಿಮೆ, ಜುಮಾಕ್ಕೆ ಜಗಲಿಯಲ್ಲೂ ಗುರುತು ಹಾಕಿದ್ದೇವೆ. ಮಳೆ ಹೊಡೆದರೆ ಜಗಲಿಯವರಿಗೆ ಕಷ್ಟ, ಅಂದು ಖುತ್ಬಾ ಹತ್ತು ನಿಮಿಷಕ್ಕೆ ಮುಗಿಯುತ್ತದೆ. (ಇದಕ್ಕಾಗಿ ಮಳೆಗೆ ದುಆ ಮಾಡುವವರೂ ಇರಬಹುದು.)

ಇನ್ನು ಆ ಕಷ್ಟದ ಮಾತು. ಅರುವತ್ತೈದು ದಾಟಿದವರು, ಹತ್ತು ವರ್ಷದ ಕೆಳಗಿನ ಮಕ್ಕಳು, ಬೇರೆ ಕಾಯಿಲೆ ಇರುವವರು ಮನೆಯಲ್ಲಿಯೇ ಇರಬೇಕೆಂದು ಸಲಹೆ ಇತ್ತು. ಸಲಹೆ ತಾನೇ, ಬಂದರೇನು ಎಂದು ಕೇಳುವವರಿದ್ದಾರೆ. ಈ ರೋಗದಿಂದ ದೇಶದಲ್ಲಾದ ಮೊದಲ ಸಾವು ನಮ್ಮದೇ ರಾಜ್ಯದ ಕಲಬುರಗಿಯಲ್ಲಿ, ಮಾರ್ಚ್ 10ರಂದು. ತೀರಿಕೊಂಡವರಿಗೆ 76 ವರ್ಷ. ಪ್ರಾಯದವನಿಗೆ ನೆಗಡಿಯಂತೆ ಬಂದು ಹೋಗುವುದು ಹಿರಿಯರ ಎದೆಯಲ್ಲಿ ನೆಲೆಯೂರುತ್ತದೆ.

ನಮ್ಮಲ್ಲೊಬ್ಬ ಹಿರಿಯರಿದ್ದಾರೆ. ನಾನು ಈ ಮಸೀದಿಗೆ ಬರುವ ಎಷ್ಟೋ ವರ್ಷ ಮೊದಲಿನಿಂದ ಸುಬಹ್‌ಗೆ ಮುಅಝ್ಝಿನಿಗಿಂತ ಮೊದಲು ಬಂದು ಗೇಟಿನ ಬಳಿ ಟಾರ್ಚ್ ಹಿಡಿದು ನಿಲ್ಲುವವರು. ಲಾಕ್‌ಡೌನಿನ ಎರಡನೇ ವಾರ ಒಂದು ಬೆಳಗ್ಗೆ ನೋಡುತ್ತೇನೆ, ಗೇಟಿನ ಹೊರಗೆ ಗೋಡೆಗೆ ಒತ್ತಿಕೊಂಡು ಮುಸಲ್ಲಾ ಹಾಸಿ ನಿಂತಿದ್ದಾರೆ. ಒಳಗೆ ಬರುವುದಿಲ್ಲ ಉಸ್ತಾದ್, ಗೋಡೆಯ ಈಚೆಯಲ್ಲಿದ್ದೇನೆ ಎಂದರು. ಅವರನ್ನು ಮನೆಗೆ ಕಳಿಸಿದೆ. ಸ್ವಲ್ಪ ಗಡುಸಾಗಿಯೇ ಹೇಳಿದೆ, ಅದು ಇಂದಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ. ಜೂನ್ 8ರ ಸುದ್ದಿ ಕೇಳಿದ ರಾತ್ರಿ ಅವರಿಂದಲೇ ಮೊದಲ ಫೋನ್ ಬಂತು. ನಿಯಮ ಹೇಳಿದೆ. ಬಹಳ ಹೊತ್ತು ಮಾತಿಲ್ಲ. ನಂತರ, “ಹಾಗಾದರೆ ಹಾಜರಿ ಪುಸ್ತಕದಿಂದ ನನ್ನ ಹೆಸರು ಹೋಯಿತಾ?” ಎಂದು ಕೇಳಿದರು.

ಹೋಗಿಲ್ಲ. ಒಬ್ಬ ದಾಸನು ರೋಗಿಯಾದರೆ ಅಥವಾ ಪ್ರಯಾಣದಲ್ಲಿದ್ದರೆ, ಆರೋಗ್ಯದಿಂದ ಊರಿನಲ್ಲಿದ್ದಾಗ ಅವನು ಮಾಡುತ್ತಿದ್ದ ಕರ್ಮಗಳು ಹಾಗೆಯೇ ಬರೆಯಲ್ಪಡುತ್ತವೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದು ಬುಖಾರಿಯಲ್ಲಿದೆ. ತಬೂಕಿನ ದಾರಿಯಲ್ಲಿ ಅವರು(ಸ) ಸಂಗಡಿಗರಿಗೆ ಇನ್ನೊಂದು ಮಾತು ಹೇಳಿದ್ದರು. ಮದೀನದಲ್ಲಿ ಉಳಿದ ಕೆಲವರು ನೀವು ದಾಟಿದ ಪ್ರತಿ ಕಣಿವೆಯಲ್ಲೂ ನಿಮ್ಮ ಜೊತೆಗಿದ್ದರು, ಕಾರಣವೊಂದು ಅವರನ್ನು ತಡೆದಿತ್ತು ಎಂದು. ನಲವತ್ತು ವರ್ಷ ಕತ್ತಲಲ್ಲಿ ಟಾರ್ಚ್ ಹಿಡಿದು ನಡೆದವರ ಹೆಸರಿನ ಎದುರು, ಬಾರದ ದಿನಗಳಲ್ಲೂ ಹಾಜರಿ ಬೀಳುತ್ತದೆ ಎಂದು ಅವರಿಗೆ ಹೇಳಿದೆ. ದಿನವೂ ಬರುತ್ತಿರದ ನಮ್ಮಂತಹ ಪ್ರಾಯದವರು ತಮ್ಮ ಹಾಜರಿಯನ್ನು ತಾವೇ ನೋಡಿಕೊಳ್ಳಲಿ.

ಮಕ್ಕಳೇ, ಮೊಮ್ಮಕ್ಕಳೇ, ಇದನ್ನು ಮನೆಯ ಹಿರಿಯರಿಗೆ ಓದಿ ಹೇಳಿ. “ಸರಕಾರ ಬೇಡ ಎಂದಿದೆ, ಸುಮ್ಮನೆ ಕೂರಿ” ಎಂದು ಗದರಿಸಬೇಡಿ. ಅವರನ್ನು ಇಮಾಮರನ್ನಾಗಿ ನಿಲ್ಲಿಸಿ ಹಿಂದೆ ನೀವು ನಿಲ್ಲಿ. ಈ ಹನ್ನೊಂದು ವಾರಗಳಲ್ಲಿ ಮನೆಗಳಲ್ಲಿ ಏನಾಗಿದೆ ಎಂಬುದು ನನಗೆ ಫೋನಿನಿಂದ ಗೊತ್ತಾಗಿದೆ. ಲಾರಿ ಚಾಲಕರೊಬ್ಬರ ಪತ್ನಿ, ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಗಂಡನ ಹಿಂದೆ ನಿಂತು ತರಾವೀಹ್ ಮಾಡಿದ್ದು ಇದೇ ಮೊದಲು ಎಂದರು. ಹಲವು ಮನೆಗಳಲ್ಲಿ ಮದ್ರಸದ ಐದನೇ ತರಗತಿಯ ಹುಡುಗ ಇಕಾಮತ್ ಕೊಟ್ಟ. ಹುಡುಗಿಯರು ತಾಯಿಯ ತಜ್‌ವೀದ್ ತಿದ್ದಿದರು, ತಾಯಂದಿರು ಸಿಟ್ಟಾಗಲಿಲ್ಲ. ಸೋಮವಾರ ಗಂಡಸರು ಮಸೀದಿಗೆ ಓಡಿಬಂದ ಮೇಲೆ ಈ ಸಫ್‌ಗಳು ಮುರಿದುಹೋಗುತ್ತವೆಯೇ ಎಂಬುದೇ ನನ್ನ ಚಿಂತೆ. ಫರ್ಳ್‌ಗೆ ಬನ್ನಿ. ಸುನ್ನತ್, ವಿತ್ರ್ ಮನೆಗೆ ಉಳಿಸಿಕೊಳ್ಳಿ. ಪ್ರವಾದಿವರ್ಯರೂ(ಸ) ಮನೆಗಳನ್ನು ಕಬ್ರಸ್ತಾನದಂತೆ ನಮಾಝಿಲ್ಲದೆ ಬಿಡಬೇಡಿ ಎಂದು ಕಲಿಸಿದ್ದಾರೆ. ನಮ್ಮಲ್ಲಿ ಗಂಡಸರು ನಿತ್ಯ ಮಸೀದಿಗೆ ಹೋಗುವ ಮನೆಗಳಲ್ಲೇ ಒಮ್ಮೊಮ್ಮೆ ಮಕ್ಕಳು ತಂದೆಯ ನಮಾಝನ್ನು ಕಂಡೇ ಇರುವುದಿಲ್ಲ.

ಮದ್ರಸ ಈಗಲೇ ತೆರೆಯುವುದಿಲ್ಲ. ಪಾಠಗಳನ್ನು ಮೊಬೈಲಿನಲ್ಲಿ ಕಳಿಸುತ್ತಿದ್ದೇವೆ, ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಬರೆದ ಹಾಳೆ ತಲುಪಿಸುತ್ತೇವೆ, ಅಂತಹವರು ಸಂಕೋಚಪಡದೆ ಹೇಳಿ. 2020ರ ಮಾರ್ಚಿನಲ್ಲಿ ಮುಂದೆ ಹೋದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ರಿಂದ ಇತ್ತು. ಆ ಮಕ್ಕಳಿಗೆ ಓದಲು ಮದ್ರಸದ ಒಂದು ಕೋಣೆಯನ್ನು ಕೊಡಬಹುದೇ ಎಂದು ಕಮಿಟಿ ತಾಲೂಕಿನ ಅಧಿಕಾರಿಗಳನ್ನು ಕೇಳಲಿತ್ತು. ಹನ್ನೊಂದು ವಾರ ಜುಮಾದ ಡಬ್ಬಿ ಖಾಲಿ ಇದ್ದುದರಿಂದ ಮುಅಝ್ಝಿನರ ಎರಡು ತಿಂಗಳ ಸಂಬಳ ಬಾಕಿ ಉಳಿದಿದೆ. ಅವರು ಬಾಯಿ ಬಿಟ್ಟು ಕೇಳಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಕೂಲಿ ನಿಂತುಹೋದ ಮನೆಗಳವರು ಕೊಡಬೇಕಾಗಿಲ್ಲ, ತೆಗೆದುಕೊಳ್ಳಬೇಕಾದವರು ಅವರು. ಅಕ್ಕಿ ಇನ್ನೂ ಎರಡು ಚೀಲ ಇದೆ, ನನಗೆ ಫೋನ್ ಮಾಡಿದರೆ ಹುಡುಗರು ರಾತ್ರಿಯಾಗುವ ಮುನ್ನ ತಲುಪಿಸುತ್ತಾರೆ.

ಸೋಮವಾರ ಸುಬಹ್‌ಗೆ ಗೇಟು 5 ಗಂಟೆಗೆ ತೆರೆಯುತ್ತದೆ. ಮುಸಲ್ಲಾ ಮರೆತು ಬಂದವರಿಗೆ ಕೊಡಲು ನಮ್ಮಲ್ಲಿ ಬೇರೆ ಇಲ್ಲ.